ವಾಯೇಜರ್ ವಾದ: ಬಿಚ್ಚುವ ಮುನ್ನ ಓದಿ

ಈ ವಾದವನ್ನು ಮನೆಗೆ ತಂದಿದ್ದಕ್ಕೆ ಅಭಿನಂದನೆಗಳು. ‘ಸ್ಟಾರ್ ಟ್ರೆಕ್: ವಾಯೇಜರ್’ ಒಳ್ಳೆಯ ಧಾರಾವಾಹಿಯೋ, ಕೈಯಾರೆ ಕೆಡಿಸಿಕೊಂಡ ಅವಕಾಶವೋ ಎಂಬ ಈ ಉಪಕರಣ 1995ರಿಂದ ಒಂದು ದಿನವೂ ಕೆಟ್ಟು ನಿಂತಿಲ್ಲ. ಧಾರಾವಾಹಿ 2001ರಲ್ಲಿ ಮುಗಿಯಿತು. ಅದನ್ನು ಪ್ರಸಾರ ಮಾಡಿದ ಯುಪಿಎನ್ ವಾಹಿನಿ 2006ರಲ್ಲಿ ಬಾಗಿಲು ಹಾಕಿತು. ವಾದ ಮಾತ್ರ ಗಟ್ಟಿಮುಟ್ಟಾಗಿದೆ. ನಡೆಸಲು ಇಬ್ಬರು ಅಭಿಮಾನಿಗಳು ಸಾಕು. ಮೂರನೆಯವರು ಸೋದರ ಧಾರಾವಾಹಿ ‘ಡೀಪ್ ಸ್ಪೇಸ್ ನೈನ್’ ಪಕ್ಷದವರಾದರೆ ಇನ್ನೂ ಜೋರಾಗಿ ಓಡುತ್ತದೆ, ಆದರೆ ಬೇಗ ಬಿಸಿಯಾಗುತ್ತದೆ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಹಡಗು. ಅದಕ್ಕೊಬ್ಬ ನಾಯಕಿ, ಕ್ಯಾಪ್ಟನ್ ಕ್ಯಾಥರಿನ್ ಜೇನ್‌ವೇ. ಸ್ಟಾರ್ ಟ್ರೆಕ್ ಧಾರಾವಾಹಿಯೊಂದನ್ನು ಹೆಗಲ ಮೇಲೆ ಹೊತ್ತ ಮೊದಲ ಮಹಿಳಾ ಕ್ಯಾಪ್ಟನ್. ಪಾತ್ರ ಮಾಡಿದವರು ಕೇಟ್ ಮಲ್‌ಗ್ರೂ. ಮೊದಲು ಆಯ್ಕೆಯಾಗಿದ್ದವರು ಜೆನೆವೀವ್ ಬುಜೋಲ್ಡ್. ಚಿತ್ರೀಕರಣ ಶುರುವಾದ ಬೆನ್ನಿಗೇ ಬಿಟ್ಟು ಹೋದರು. ಈ ಬಿಡಿಭಾಗವನ್ನು ಜೇಬಿನಲ್ಲಿಟ್ಟುಕೊಳ್ಳಿ, ಮಾತು ತಡವರಿಸಿದಾಗ ಒದಗುತ್ತದೆ.

ಜೊತೆಗೆ ಒಂದು ಕಥಾಬೀಜ. ಸ್ಟಾರ್ ಟ್ರೆಕ್‌ನ ಯಾವ ಕವಲು ಧಾರಾವಾಹಿಗೂ ಇಂಥದ್ದು ಸಿಕ್ಕಿರಲಿಲ್ಲ ಎಂಬುದನ್ನು ವಿರೋಧಿಗಳೂ ಒಪ್ಪುತ್ತಾರೆ. ಹಡಗು ಒಂದೇ ಏಟಿಗೆ ಮನೆಯಿಂದ 70,000 ಜ್ಯೋತಿರ್ವರ್ಷ ಆಚೆಗೆ ಎಸೆಯಲ್ಪಡುತ್ತದೆ. ಪೂರ್ಣ ವೇಗದಲ್ಲಿ ಬಂದರೂ ಭೂಮಿ ತಲುಪಲು 75 ವರ್ಷ ಬೇಕು. ಹಡಗಿನಲ್ಲಿರುವವರ ಒಂದು ಭಾಗ, ಉಳಿದವರು ಹಿಡಿಯಲು ಹೊರಟಿದ್ದ ಮಾಕಿ ಬಂಡುಕೋರರು. ದುರಸ್ತಿಗೆ ಬಂದರಿಲ್ಲ, ಸಹಾಯಕ್ಕೆ ಪಡೆ ಇಲ್ಲ. ಇರುವುದು 38 ಫೋಟಾನ್ ಟಾರ್ಪೆಡೊ; ಖಾಲಿಯಾದರೆ ಹೊಸದು ತಯಾರಿಸುವ ದಾರಿಯಿಲ್ಲವೆಂದು ಮೊದಲ ಸೀಸನ್ನಿನಲ್ಲೇ ಬಾಯಿಬಿಟ್ಟು ಹೇಳಿದ್ದಾರೆ.

ಆ 38 ಎಂಬ ಅಂಕಿ ಮುಖ್ಯವಾದ ಭಾಗ. ಕಳೆದುಕೊಳ್ಳಬೇಡಿ.

ಜೋಡಿಸುವ ಕ್ರಮ

ಮೊದಲು ಎದುರಿನವರನ್ನು ಕೂರಿಸಿ. ನಂತರ ಟಾರ್ಪೆಡೊ ಲೆಕ್ಕ ಕೇಳಿ. ಹಡಗು ಏಳು ಸೀಸನ್‌ಗಳ ಉದ್ದಕ್ಕೂ ಟಾರ್ಪೆಡೊ ಹಾರಿಸುತ್ತಲೇ ಬಂದಿತು. ಅಭಿಮಾನಿಗಳು ಬೆರಳು ಮಡಚಿ ಎಣಿಸುತ್ತಲೇ ಬಂದರು. ಲೆಕ್ಕ 38 ದಾಟಿ ಎಲ್ಲೋ ಹೋಯಿತು. ಹೊರಗೆ ಹೋದ ಪುಟ್ಟ ಷಟಲ್‌ಗಳ ಕಥೆಯೂ ಅಷ್ಟೇ. ಒಂದು ಸಿಡಿಯುತ್ತದೆ, ಇನ್ನೊಂದು ಅಪ್ಪಳಿಸುತ್ತದೆ, ಮುಂದಿನ ವಾರ ಗ್ಯಾರೇಜಿನಲ್ಲಿ ಮತ್ತೊಂದು ನಿಂತಿರುತ್ತದೆ. ಹಡಗಿನ ಮೈಮೇಲೆ ಒಂದು ಗೀರೂ ಉಳಿಯುವುದಿಲ್ಲ. ಬಂಡುಕೋರರು ಕೂಡ ಮೊದಲ ವಾರವೇ ಸಮವಸ್ತ್ರ ತೊಟ್ಟು ಸಾಲಿಗೆ ನಿಂತರು. ಅರ್ಧ ಕಥೆ ಅಲ್ಲಿಗೇ ಮುಗಿಯಿತು.

ಈ ಹಂತದಲ್ಲಿ ಎದುರಿನವರು ಕೈ ಎತ್ತಿ ‘ಇಯರ್ ಆಫ್ ಹೆಲ್’ ಎನ್ನುತ್ತಾರೆ. ಎನ್ನಲಿ, ತಡೆಯಬೇಡಿ. 1997ರ ನವೆಂಬರಿನಲ್ಲಿ ಬಂದ ಆ ಎರಡು ಭಾಗಗಳಲ್ಲಿ ಹಡಗು ನಿಜಕ್ಕೂ ನುಗ್ಗಾಗುತ್ತದೆ. ಮಹಡಿಗಳು ಕುಸಿಯುತ್ತವೆ, ಹಡಗಿನ ಅಧಿಕಾರಿ ಟುವೊಕ್ ಕುರುಡನಾಗುತ್ತಾನೆ, ಜೇನ್‌ವೇ ಮುಖ ಸುಟ್ಟುಕೊಂಡು ಖಾಲಿ ಹಡಗನ್ನು ಒಬ್ಬಳೇ ಶತ್ರುವಿನ ಮೇಲೆ ನುಗ್ಗಿಸುತ್ತಾಳೆ. ವಾಯೇಜರ್ ಹೀಗೂ ಇರಬಹುದಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಆಮೇಲೆ? ಕಾಲಚಕ್ರ ಹಿಂದಕ್ಕೆ ತಿರುಗಿ ಆ ವರ್ಷ ನಡೆದೇ ಇರಲಿಲ್ಲ ಎಂದಾಗುತ್ತದೆ. ಯಾರಿಗೂ ನೆನಪಿಲ್ಲ. ಹಡಗು ಪಳಪಳ. ಎದುರಿನವರ ಸಾಕ್ಷಿಯನ್ನು ಪ್ರೀತಿಯಿಂದ ನಿಮ್ಮ ಕಡೆಗೆ ಎಳೆದುಕೊಳ್ಳಿ.

ಟುವಿಕ್ಸ್ ಗುಂಡಿ

ಎಚ್ಚರಿಕೆ: ಕೆಂಪು ಬಣ್ಣದ ಈ ಗುಂಡಿಯನ್ನು ಒತ್ತಿದರೆ ಆ ಸಂಜೆ ಬೇರೆ ಮಾತು ಸಾಧ್ಯವಿಲ್ಲ.

1996ರ ಮೇ 6ರಂದು ಪ್ರಸಾರವಾದ ‘ಟುವಿಕ್ಸ್’ ಕಂತಿನ ಸಾರಾಂಶ ಹೇಳಿದರೆ ಹೊಸಬರು ನಗುತ್ತಾರೆ. ಮಾತು ಅಳೆದು ಆಡುವ ವಲ್ಕನ್ ಅಧಿಕಾರಿ ಟುವೊಕ್ ಮತ್ತು ಬಾಯಿ ಮುಚ್ಚದ ಅಡುಗೆಯವ ನೀಲಿಕ್ಸ್, ಒಂದು ಆರ್ಕಿಡ್ ಗಿಡದ ಜೊತೆ ಟ್ರಾನ್ಸ್‌ಪೋರ್ಟರಿನಲ್ಲಿ ಹಾದು ಬರುವಾಗ ಬೆರೆತು ಒಬ್ಬನೇ ಮನುಷ್ಯನಾಗಿ ಹೊರಬೀಳುತ್ತಾರೆ. ಅವನೇ ಟುವಿಕ್ಸ್. ಇಬ್ಬರ ನೆನಪೂ ಅವನಲ್ಲಿದೆ, ಆದರೆ ಅವನು ಆ ಇಬ್ಬರಲ್ಲಿ ಯಾರೂ ಅಲ್ಲ. ಕರ್ತವ್ಯದಲ್ಲಿ ಚುರುಕು, ಅಡುಗೆಯಲ್ಲಿ ಜಾಣ. ಅಸಲಿ ಇಬ್ಬರಿಗಿಂತ ಒಳ್ಳೆಯ ಸಹೋದ್ಯೋಗಿ ಎನ್ನಬೇಕು. ಬೇರ್ಪಡಿಸುವ ಉಪಾಯ ಸಿಗುವ ಹೊತ್ತಿಗೆ ಅವನಿಗೆ ಸಾಯಲು ಇಷ್ಟವಿಲ್ಲ. ನಿಯಂತ್ರಣ ಕೊಠಡಿಯಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿ ಅಂಗಲಾಚುತ್ತಾನೆ. ಒಬ್ಬರೂ ತುಟಿ ಬಿಚ್ಚುವುದಿಲ್ಲ. ಒಪ್ಪದ ರೋಗಿಗೆ ಹಾನಿ ಮಾಡಲಾರೆ ಎಂದು ವೈದ್ಯ ಹಿಂದೆ ಸರಿಯುತ್ತಾನೆ. ಜೇನ್‌ವೇ ತನ್ನ ಕೈಯಿಂದಲೇ ಕೆಲಸ ಮುಗಿಸುತ್ತಾಳೆ.

ಇದು ಕೊಲೆಯೇ? ಇಬ್ಬರನ್ನು ಉಳಿಸಲು ಒಬ್ಬನನ್ನು ಬಲಿ ಕೊಟ್ಟದ್ದು ಎನ್ನಿ. ಆ ಇಬ್ಬರು ಆಗಲೇ ಸತ್ತಿದ್ದರಲ್ಲ ಎಂಬ ಪಾಟೀಸವಾಲು ತಯಾರಾಗಿರುತ್ತದೆ. ಸತ್ತಿರಲಿಲ್ಲ, ಮರಳಿ ತರುವ ದಾರಿ ಇತ್ತಲ್ಲ ಎನ್ನಿ. ಬದುಕಿರುವವನ ಮೈ ಸೀಳಿಯೇ ಆ ದಾರಿ ಹೋಗಬೇಕೆ ಎನ್ನುತ್ತಾರೆ. ಸಾಮಾನ್ಯ ಬಳಕೆದಾರರು ಇಲ್ಲಿಗೇ ನಿಲ್ಲುತ್ತಾರೆ. ನುರಿತವರು ಮುಂದಿನ ವಾರದ ಕಂತನ್ನು ಹೊರತೆಗೆಯಬೇಕು. ಅದರ ಹೆಸರು ‘ರೆಸಲ್ಯೂಷನ್ಸ್’. ಅದರಲ್ಲಿ ಟುವೊಕ್ ಹಡಗಿನ ಅಧಿಕಾರ ವಹಿಸಿಕೊಂಡಿದ್ದಾನೆ. ಜೇನ್‌ವೇ ಯಾವುದೋ ಗ್ರಹದಲ್ಲಿ ಸಿಕ್ಕಿಬಿದ್ದು, ಅವಳ ಉಪನಾಯಕ ಚಕೋಟೆ ಕಟ್ಟಿಕೊಟ್ಟ ತೊಟ್ಟಿಯಲ್ಲಿ ಬಿಸಿನೀರಿಗಿಳಿದು ಕೂತಿದ್ದಾಳೆ. ಟುವಿಕ್ಸ್ ಎಂಬವನೊಬ್ಬನಿದ್ದ ಎಂಬ ಮಾತು ಯಾರ ಬಾಯಲ್ಲೂ ಇಲ್ಲ.

ಕೈಪಿಡಿ ಬರೆದವನು ಪಕ್ಷ ವಹಿಸಬಾರದೆಂದು ನಿಯಮವೇನೂ ಇಲ್ಲವಾದ್ದರಿಂದ ಹೇಳಿಬಿಡುತ್ತೇನೆ. ಜೇನ್‌ವೇಯ ತೀರ್ಮಾನವನ್ನು ನಾನು ಸಮರ್ಥಿಸಬಲ್ಲೆ. ಮುಂದಿನ ವಾರದ ಆ ಮೌನವನ್ನು ಸಮರ್ಥಿಸಲಾರೆ. ಕೊನೆಯ ದೃಶ್ಯದಲ್ಲಿ, ಒಬ್ಬಂಟಿಯಾಗಿ ನಡೆದುಹೋಗುವಾಗ, ಮಲ್‌ಗ್ರೂ ಮುಖದ ಮೇಲೆ ಇಡೀ ಅಪರಾಧವನ್ನು ಒಂದೂ ಮಾತಿಲ್ಲದೆ ಬರೆದುಕೊಂಡಿದ್ದರು. ಬರಹಗಾರರು ಅದನ್ನು ಒರೆಸಿ ಹಾಕಿದರು. ಅವರು ನಡೆಸದ ವಿಚಾರಣೆಯನ್ನು ನೋಡುಗರು ಈ ಮೂವತ್ತು ವರ್ಷ ನಡೆಸುತ್ತಿದ್ದಾರೆ. ಈ ಉಪಕರಣ ಇಷ್ಟು ಕಾಲ ಬಾಳಿಕೆ ಬಂದದ್ದು ಹಾಗೆ. ಪರದೆಯ ಮೇಲೆ ಪರಿಣಾಮ ಕಾಣದ ಕಡೆಯಲ್ಲೆಲ್ಲ ಅಭಿಮಾನಿಗಳು ನೆಲ ಅಗೆದಿದ್ದಾರೆ.

ಹ್ಯಾರಿ ಕಿಮ್ ಬಡ್ತಿ ಪ್ರಕರಣ

ಸರ್ಕಾರಿ ನೌಕರರು ಈ ಭಾಗವನ್ನು ಎದೆ ಗಟ್ಟಿ ಮಾಡಿಕೊಂಡು ಓದಬೇಕು. ಎನ್‌ಸೈನ್ ಹ್ಯಾರಿ ಕಿಮ್ ಮೊದಲ ಕಂತಿನಲ್ಲಿ ಅಧಿಕಾರಿಗಳ ಪೈಕಿ ಕೊನೆಯ ಮೆಟ್ಟಿಲಲ್ಲಿ ಸೇರಿದ. ಏಳು ವರ್ಷದ ನಂತರವೂ ಅದೇ ಮೆಟ್ಟಿಲು. ಈ ನಡುವೆ ಟುವೊಕ್‌ಗೆ ಬಡ್ತಿ ಸಿಕ್ಕಿತು. ಹಡಗಿನ ಚಾಲಕ ಟಾಮ್ ಪ್ಯಾರಿಸ್‌ಗೆ ಅವಿಧೇಯತೆಗಾಗಿ ಹಿಂಬಡ್ತಿಯಾಗಿ, ಮೂವತ್ತು ದಿನ ಸೆರೆವಾಸವಾಗಿ, ಆಮೇಲೆ ಕಳೆದ ದರ್ಜೆ ಮರಳಿಯೂ ಸಿಕ್ಕಿತು. ಕಿಮ್‌ಗೆ ಮಾತ್ರ ಇಲ್ಲ. ಅದಿರಲಿ, ‘ಡೆಡ್‌ಲಾಕ್’ ಕಂತಿನಲ್ಲಿ ಅವನು ಸತ್ತೇ ಹೋಗುತ್ತಾನೆ. ಹಡಗಿನ ಜೋಡಿಪ್ರತಿಯೊಂದರಿಂದ ಇನ್ನೊಬ್ಬ ಕಿಮ್ ಬಂದು ಅವನ ಜಾಗ ತುಂಬುತ್ತಾನೆ. ಮೂಲ ನೌಕರ ಮೃತ, ಬದಲಿ ನೌಕರನಿಗೆ ಸೇವಾ ಹಿರಿತನ ಲೆಕ್ಕಕ್ಕಿಲ್ಲ ಎಂದೇನಾದರೂ ಕಡತದಲ್ಲಿ ಟಿಪ್ಪಣಿ ಬಿದ್ದಿತ್ತೋ ಏನೋ. ಕೊನೆಯ ಕಂತು ‘ಎಂಡ್‌ಗೇಮ್’ನ ಭವಿಷ್ಯದಲ್ಲಿ ಅವನು ಸ್ವಂತ ಹಡಗಿನ ಕ್ಯಾಪ್ಟನ್ ಆಗಿದ್ದಾನೆ. ಅದೇ ಕಂತು ಮುಗಿಯುವ ಮುನ್ನ ಜೇನ್‌ವೇ ಆ ಭವಿಷ್ಯವನ್ನೇ ಅಳಿಸಿಹಾಕುತ್ತಾಳೆ.

ಎದುರಾಳಿಗೆ ಕೊಡಬೇಕಾದ ಆಯುಧಗಳು

ಒಂದೇ ಕಡೆಯಿಂದ ನಡೆಸಿದರೆ ಉಪಕರಣ ಸವೆಯುತ್ತದೆ. ಹೊಗಳುವವರ ಕೈಗೂ ನಾಲ್ಕು ಒಳ್ಳೆಯ ಮಾತು ಕೊಡಿ.

ಮೊದಲನೆಯದು ವ್ಯಾಪಾರದ್ದು. ಯುಪಿಎನ್ ವಾಹಿನಿ ಶುರುವಾದದ್ದೇ 1995ರ ಜನವರಿ 16ರಂದು, ವಾಯೇಜರ್‌ನ ಮೊದಲ ಕಂತಿನೊಂದಿಗೆ. ಹೊಸ ವಾಹಿನಿಗೆ ಯಾವ ವಾರ ಬಂದು ಕೂತರೂ ಅರ್ಥವಾಗುವ ಕಂತು ಬೇಕಿತ್ತು. ಮರುಪ್ರಸಾರಕ್ಕೆ ಕೊಳ್ಳುವವರಿಗೂ ಹಿಂದುಮುಂದಾಗಿ ಹಾಕಿದರೆ ತೊಂದರೆಯಾಗದ ಸರಕು ಬೇಕಿತ್ತು. ಗೀರು ಉಳಿಯುವ ಹಡಗು ಅಂಥ ಅಂಗಡಿಯಲ್ಲಿ ಬಿಕರಿಯಾಗುವುದಿಲ್ಲ.

ಎರಡನೆಯದು ವೈದ್ಯ. ರಾಬರ್ಟ್ ಪಿಕಾರ್ಡೊ ಮಾಡಿದ ಈ ಹೊಲೋಗ್ರಾಂ ವೈದ್ಯನಿಗೆ ಹೆಸರೂ ಇಲ್ಲ, ಚಿಕಿತ್ಸಾಲಯದ ಹೊರಗೆ ಕಾಲಿಡಲೂ ಆಗುವುದಿಲ್ಲ. ಅಲ್ಲಿಂದ ಒಪೆರಾ ಹಾಡುವ, ಹಕ್ಕು ಕೇಳುವ, ಜಂಭ ಕೊಚ್ಚುವ ಮನುಷ್ಯನಾಗಿ ಬೆಳೆದ. ಹಡಗು ಎಲ್ಲವನ್ನೂ ಮರೆತರೂ ಇವನೊಬ್ಬ ಕಲಿತದ್ದನ್ನು ಉಳಿಸಿಕೊಂಡ. 1997ರಲ್ಲಿ ಸೆವೆನ್ ಆಫ್ ನೈನ್ ಆಗಿ ಜೆರಿ ರೈಯಾನ್ ಬಂದಾಗ ಅದೇ ಇನ್ನೊಮ್ಮೆ ನಡೆಯಿತು. ಅವರಿಗೆ ತೊಡಿಸಿದ ಬಿಗಿ ಉಡುಪಿನ ಬಗ್ಗೆ ನಿರ್ಮಾಪಕರನ್ನು ಬೈಯುವುದು ನ್ಯಾಯವೇ. ಆದರೆ ಆ ಉಡುಪಿನೊಳಗಿಂದ ಅವರು ಮಾಡಿದ ನಟನೆ ಧಾರಾವಾಹಿಯ ಅರ್ಧ ಆಯಸ್ಸು. ಸೆವೆನ್ ಜೊತೆಗೇ ಅವಳ ಮೂಲ ಬಳಗವಾದ ಅರೆಯಂತ್ರ ಶತ್ರುಗಳು, ಬೋರ್ಗ್‌ಗಳೂ ಬಂದರು, ಬಂದು ಸಾಧುಗಳಾದರು ಎಂಬ ಆಕ್ಷೇಪ ಇಲ್ಲೇ ಏಳುತ್ತದೆ. ಹಿಂದಿನ ಧಾರಾವಾಹಿಯಲ್ಲಿ ಒಂದೇ ಬೋರ್ಗ್ ಹಡಗು 39 ಹಡಗುಗಳನ್ನು ಪುಡಿಗಟ್ಟಿತ್ತು. ಇಲ್ಲಿ ವಾಯೇಜರ್ ಒಂಟಿಯಾಗಿ ಹೋಗಿ ಹೋಗಿ ಬರುತ್ತದೆ. ಇದಕ್ಕೆ ಹೊಗಳುವವರ ಬಳಿ ಉತ್ತರವಿಲ್ಲ. ಪೀಡಿಸಬೇಡಿ.

ಮೂರನೆಯದು ಜೇನ್‌ವೇಯೇ. 2015ರ ಏಪ್ರಿಲಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಎಸ್‌ಪ್ರೆಸೊ ಯಂತ್ರ ಹೊತ್ತ ಸರಕುನೌಕೆ ಬಂದಾಗ, ಇಟಲಿಯ ಗಗನಯಾತ್ರಿ ಸಮಂತಾ ಕ್ರಿಸ್ಟೋಫೊರೆಟ್ಟಿ ವಾಯೇಜರ್ ಸಮವಸ್ತ್ರ ತೊಟ್ಟು ಅದನ್ನು ಬರಮಾಡಿಕೊಂಡರು, ಕಾಫಿಪ್ರಿಯೆ ಜೇನ್‌ವೇ ಧಾರಾವಾಹಿಯಲ್ಲಿ ಆಡಿದ ಕಾಫಿ ಮಾತನ್ನೂ ನೆನೆದರು. 2020ರಲ್ಲಿ ಇಂಡಿಯಾನಾದ ಬ್ಲೂಮಿಂಗ್ಟನ್ ಊರಿನಲ್ಲಿ, ಅಲ್ಲಿ ಮುಂದೆಂದೋ ಹುಟ್ಟಲಿರುವ ಈ ಕ್ಯಾಪ್ಟನ್‌ಗೆ ಸ್ಮಾರಕವೇ ಎದ್ದಿತು. ಈ ಆಯುಧದ ಎದುರು ಟಾರ್ಪೆಡೊ ಲೆಕ್ಕ ಸಪ್ಪೆ.

ದೋಷ ಪತ್ತೆ

ವಾದ ನಡುವೆ ನಗುವಿನಲ್ಲಿ ಸಿಕ್ಕಿಕೊಂಡರೆ: ಯಾರೋ ‘ಥ್ರೆಶೋಲ್ಡ್’ ಎಂದಿದ್ದಾರೆ. ಅತಿವೇಗದಲ್ಲಿ ಹೋದ ಪ್ಯಾರಿಸ್ ಮತ್ತು ಜೇನ್‌ವೇ ಉಭಯಚರಗಳಾಗಿ ಮರಿ ಹಾಕಿ ಬರುವ ಕಂತು ಅದು. ಬರೆದ ಬ್ರ್ಯಾನನ್ ಬ್ರಾಗಾ ಅವರೇ ಅದನ್ನು ಸಮರ್ಥಿಸುವುದಿಲ್ಲ. ಪ್ರಸಾಧನಕ್ಕೆ ಎಮ್ಮಿ ಪ್ರಶಸ್ತಿ ಬಂದಿತ್ತೆಂದು ತಿಳಿಸಿ ಮುಂದೆ ಸಾಗಿ.

ವಾದ ಕಹಿಯಾದರೆ: ಚಕೋಟೆಯ ವಿಷಯ ಬಂದಿದೆ. ಅಮೆರಿಕದ ಮೂಲನಿವಾಸಿ ಪಾತ್ರಕ್ಕೆ ಸಲಹೆಗಾರರಾಗಿ ನಿರ್ಮಾಪಕರು ಹಿಡಿದದ್ದು ಜಮೇಕ್ ಹೈವಾಟರ್ ಅವರನ್ನು. ಆತ ಮೂಲನಿವಾಸಿಯೇ ಅಲ್ಲವೆಂದು 1980ರ ದಶಕದಲ್ಲೇ ಪತ್ರಿಕೆಗಳಲ್ಲಿ ಬಯಲಾಗಿತ್ತು. ಇಲ್ಲಿ ಧಾರಾವಾಹಿಯ ಪರ ನಿಲ್ಲಲು ಹೋಗಬೇಡಿ.

‘ಡೀಪ್ ಸ್ಪೇಸ್ ನೈನ್’ ಪಕ್ಷದವರು ತಮ್ಮ ಧಾರಾವಾಹಿಯ ಬರಹಗಾರ ರೊನಾಲ್ಡ್ ಮೂರ್ ಹೆಸರೆತ್ತಿದರೆ: ಒಪ್ಪಿಕೊಳ್ಳಿ. ಆರನೇ ಸೀಸನ್ನಿಗೆ ಬಂದ ಮೂರ್ ಬಹುಬೇಗ ಬೇಸತ್ತು ಹೊರಟರು. ಮುಂದೆ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಮಾಡುವಾಗ ಬದುಕುಳಿದವರ ಸಂಖ್ಯೆಯನ್ನು ಬಿಳಿ ಹಲಗೆಯ ಮೇಲೆ ಬರೆಸಿ, ಸತ್ತಾಗಲೆಲ್ಲ ಅಳಿಸಿ ತಿದ್ದಿಸಿದರು. ವಾಯೇಜರ್ ಮಾಡಬೇಕಿದ್ದ ಲೆಕ್ಕ ಅದು.

ಹೊಸ ಬಳಕೆದಾರರು 172 ಕಂತುಗಳನ್ನೂ ನೋಡಿಯೇ ವಾದಕ್ಕಿಳಿಯಬೇಕೆಂದಿಲ್ಲ. ‘ಟುವಿಕ್ಸ್’ ನೋಡಿ, ಮರುದಿನ ‘ಇಯರ್ ಆಫ್ ಹೆಲ್’ನ ಎರಡೂ ಭಾಗ ನೋಡಿ, ಆಮೇಲೆ ಬಾಯಿ ತೆರೆಯಿರಿ. ‘ಥ್ರೆಶೋಲ್ಡ್’ ಊಟದ ಹೊತ್ತಿಗೆ ಬೇಡ.