ಶಿರ್ವ–ಶಿರ್ವಾನ್ ಅಭೇದ ನಿರ್ಣಯ

ಶಿರ್ವ ಉಡುಪಿ ಜಿಲ್ಲೆ ಕಾಪು ತಾಲೂಕಿನ ಒಂದು ಗ್ರಾಮ. ಶಿರ್ವಾನ್ ಇಂದಿನ ಅಜರ್‌ಬೈಜಾನಿನಲ್ಲಿ, ಕ್ಯಾಸ್ಪಿಯನ್ ಸಮುದ್ರದ ಪಶ್ಚಿಮಕ್ಕಿದ್ದ ಮಧ್ಯಯುಗದ ರಾಜ್ಯ, ಕ್ರಿ.ಶ. 861ರಿಂದ 1538ರವರೆಗೆ ಶಿರ್ವಾನ್‌ಷಾಹರು ಎಂಬ ಅರಸರು ಅದನ್ನು ಆಳಿದರು. ಇವೆರಡೂ ಒಂದೇ ಎಂಬುದು ಈ ಪ್ರಬಂಧದ ಪ್ರಮೇಯ. ಈ ವಾದವನ್ನು ಇದುವರೆಗೆ ಯಾರೂ ಮಂಡಿಸಿಲ್ಲ. ಹಾಗಾಗಿ ಖಂಡಿಸಿದವರೂ ಇಲ್ಲ. ಸ್ಥಳನಾಮ ಸಂಶೋಧನೆಯ ಗದ್ದಲದ ನಡುವೆ ಇಷ್ಟು ಅವಿರೋಧವಾಗಿ ಉಳಿದ ಸಿದ್ಧಾಂತ ಅಪರೂಪ.

ಪ್ರಮೇಯಕ್ಕೆ ಮುನ್ನ ಸಿದ್ಧವಾದದ್ದನ್ನು ಹೇಳಬೇಕು. ಕರಾವಳಿಯ ಕೆಲವು ಊರುಗಳು ಅರಬ್ಬಿ ಗ್ರಂಥಗಳಲ್ಲಿ ನಿಸ್ಸಂಶಯವಾಗಿ ಇವೆ. ಹೊನ್ನಾವರ ಅಲ್ಲಿ ‘ಹಿನೌರ್’, ಬಸ್ರೂರು ‘ಅಬೂ ಸರೂರ್’, ಬಾರ್ಕೂರು ‘ಫಾಕನೂರ್’, ಮಂಗಳೂರು ‘ಮಂಜರೂರ್’. ಈ ನಾಲ್ಕನ್ನೂ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇದೇ ಸಾಲಿನಲ್ಲಿ, ಬಡಗಿನಿಂದ ತೆಂಕಿಗೆ, 1342ರ ಸುಮಾರಿನ ತನ್ನ ಪಯಣದ ಕಥನದಲ್ಲಿ ಹೆಸರಿಸಿದ್ದಾನೆ. ಫಾಕನೂರಿನ ಅರಸ ವಾಸುದೇವ ಅವನ ಬರಹದಲ್ಲಿ ‘ಬಾಸದವ್’ ಆಗಿದ್ದಾನೆ, ಮಂಜರೂರಿನ ರಾಮದೇವ ‘ರಾಮದವ್’. ಅರಬ್ಬಿಯಲ್ಲಿ ‘ಪ’ ಇಲ್ಲ, ‘ಗ’ ಇಲ್ಲ, ‘ವ’ಕಾರಕ್ಕೂ ತುಟಿ ದುಂಡಗೆ ಮಾಡಬೇಕು. ಇಷ್ಟು ಕೊರತೆಯ ನಡುವೆಯೂ ನಾಲ್ಕೂ ಊರುಗಳು ಗುರುತು ಸಿಗುವಂತೆ ಉಳಿದದ್ದು ದೊಡ್ಡದು. ಅರಬ್ಬರು ಹೆಸರು ಕೆಡಿಸಿದರು ಎಂದು ದೂರುವವರು ಇನ್ನೊಂದನ್ನೂ ನೆನೆಯಬೇಕು: ಶಾಸನಗಳ ಬಾರಕನ್ಯಾಪುರವನ್ನು ಬಾರ್ಕೂರು ಮಾಡಿದ್ದು ಅರಬ್ಬರಲ್ಲ.

ಮಂಜರೂರಿನ ‘ಜ’ಕಾರದ ವಿಷಯ ಸ್ವಲ್ಪ ಸ್ವಾರಸ್ಯದ್ದು. ಟ್ಯುನೀಷಿಯದ ಮಹ್ದಿಯಾ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1130ರ ದಶಕದಿಂದ 1149ರ ತನಕ, ನಡುವೆ ಅಷ್ಟಿಷ್ಟು ಬಿಡುವು ಬಿಟ್ಟರೆ, ಮಲಬಾರ್ ತೀರದಲ್ಲೇ, ಬಹುಪಾಲು ಮಂಗಳೂರಿನಲ್ಲೇ ಇದ್ದ. ಇಲ್ಲಿ ಅವನದೊಂದು ಕಂಚಿನ ಕಾರ್ಖಾನೆಯಿತ್ತು. ಏಡನ್ನಿನ ಗೆಳೆಯರು ಒಡೆದ ಪಾತ್ರೆ, ಹಳೆ ತಾಮ್ರ ಕಳಿಸಿ, ಇಂಥ ಅಳತೆಯ ಹೂಜಿ, ಇಂಥ ತಟ್ಟೆ ಮಾಡಿಸಿ ಕಳಿಸು ಎಂದು ಬರೆಯುತ್ತಿದ್ದರು. ಜೊತೆಗೆ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಆಳಿನ ಹೆಸರು ಬೊಮ್ಮ. ಈ ಪತ್ರಗಳು ಉಳಿದದ್ದು ಕೈರೋದ ಒಂದು ಸಿನಗಾಗ್‌ನ ಹಳೆ ಕಾಗದದ ಕೋಣೆಯಲ್ಲಿ. ಕೈರೋದವರು ಇಂದೂ ಅರಬ್ಬಿಯ ‘ಜ’ವನ್ನು ‘ಗ’ ಎಂದೇ ಉಚ್ಚರಿಸುತ್ತಾರೆ. ಅಂದರೆ ಅಲ್ಲಿಯ ಮನುಷ್ಯ ‘ಮಂಜರೂರ್’ ಎಂಬುದನ್ನು ಓದಿದರೆ ಬಾಯಿಂದ ಬರುವುದು ‘ಮಂಗರೂರ್’. ಪ್ರಸ್ತುತ ವಾದಕ್ಕೆ ಇದರಿಂದ ಪ್ರಯೋಜನವೇನೂ ಇಲ್ಲ. ಆದರೆ ನಿಜವಾದ ಸಂಗತಿಯೊಂದು ನಡುವೆ ಬಂದರೆ ಪ್ರಬಂಧಕ್ಕೆ ತೂಕ ಬರುತ್ತದೆ.

ಈಗ ಶಿರ್ವ. ಮಧ್ಯಯುಗದ ಸ್ಥಳನಾಮಗಳಿಗೆ ಮುಖ್ಯ ಆಧಾರ ಯಾಕೂತ್ ಅಲ್-ಹಮವಿಯ ಭೂಗೋಳಕೋಶ ‘ಮುಅ್‌ಜಮುಲ್ ಬುಲ್ದಾನ್’, 1224ರಲ್ಲಿ ಒಂದು ರೂಪಕ್ಕೆ ಬಂದ ಕೃತಿ. ಚಿಕ್ಕಂದಿನಲ್ಲಿ ಗುಲಾಮನಾಗಿ ಮಾರಾಟವಾಗಿ, ಮುಂದೆ ಪುಸ್ತಕ ವ್ಯಾಪಾರ ಮಾಡಿದ ಯಾಕೂತ್ ಈ ಕೋಶಕ್ಕೆ ಕೈಹಾಕಿದ್ದು ಒಂದು ಜಗಳದಿಂದ. ಮರ್ವ್ ನಗರದಲ್ಲಿ ಅರೇಬಿಯದ ಹಳೆಯ ಸಂತೆಯೊಂದರ ಹೆಸರು ‘ಹುಬಾಶ’ ಎಂದು ಆತ ಹೇಳಿದ. ‘ಹಬಾಶ’ ಎಂದು ಇನ್ನೊಬ್ಬರು ಪಟ್ಟು ಹಿಡಿದರು. ತೀರ್ಪು ಕೊಡುವ ಪುಸ್ತಕ ಎಲ್ಲೂ ಸಿಗಲಿಲ್ಲ. ಒಂದು ಉಕಾರಕ್ಕಾಗಿ ಸಂಪುಟಗಟ್ಟಲೆ ಬರೆದ ಈ ಪುಣ್ಯಾತ್ಮನ ಮುಂದೆ ಒಂದು ನಕಾರದ ಚರ್ಚೆ ಸಣ್ಣದೆನಿಸಬಾರದು.

ಯಾಕೂತ್ ಶಿರ್ವಾನನ್ನು ‘ಶರ್ವಾನ್’ ಎಂದು ಸ್ವರ ಹಾಕಿ ಬರೆಯುತ್ತಾನೆ. ಪರ್ಷಿಯದ ಅರಸ ಅನೂಶಿರ್ವಾನ್ ಕಟ್ಟಿಸಿದ್ದರಿಂದ ಆ ಹೆಸರು ಬಂತು, ಆಮೇಲೆ ಹೆಸರಿನ ಅರ್ಧ ಬಿಟ್ಟುಹೋಯಿತು ಎನ್ನುವುದು ಅವನ ವಿವರಣೆ. ಇದು ಈ ಪ್ರಬಂಧದ ಬೆನ್ನೆಲುಬು. ಅರಸನ ಹೆಸರಿನ ಮುಂದಿನ ಅರ್ಧವನ್ನೇ ಕಳಚಬಹುದಾದರೆ, ಹಿಂದಿನ ಒಂದು ‘ನ್’ ಕಳಚಲು ಯಾರ ಅಪ್ಪಣೆಯೂ ಬೇಕಿಲ್ಲ. ಶಿರ್ವಾನ್, ಶಿರ್ವಾ, ಶಿರ್ವ: ಮೂರು ಹೆಜ್ಜೆ. ಕಳಚಿದ ನಕಾರ ಎಲ್ಲಿಗೆ ಹೋಯಿತೆಂದು ಕೇಳುವವರು ಬಸ್ಸಿನ ಬೋರ್ಡು ನೋಡಬೇಕು. ಶಿರ್ವದ ಪೇಟೆಗೆ ಮಂಚಕಲ್ ಎಂದು ಹೆಸರು. ‘ಶಿರ್ವ ಮಂಚಕಲ್’ ಎಂದು ಒಟ್ಟಿಗೆ ಬರೆದರೆ ಅನುನಾಸಿಕ ಊರು ಬಿಟ್ಟು ಹೋಗಿಲ್ಲ, ಎರಡಕ್ಷರ ಆಚೆ ಸರಿದು ಕೂತಿದೆ ಎಂಬುದು ಸ್ಪಷ್ಟ.

‘ಶರ್ವ’ ಎಂದರೆ ಶಿವನ ಹೆಸರಲ್ಲವೇ, ಅಲ್ಲಿಂದ ಹೊರಟರೆ ಇನ್ನೂ ಸುಲಭವಲ್ಲವೇ ಎಂಬ ಸಲಹೆ ಬರಬಹುದು. ಆ ದಾರಿಯಲ್ಲಿ ಕ್ಯಾಸ್ಪಿಯನ್ ಕಶ್ಯಪ ಸಮುದ್ರವಾಗುತ್ತದೆ. ಆ ಕೆಲಸ ಈಗಾಗಲೇ ಬೇರೆಯವರ ಕೈಯಲ್ಲಿ ಪೂರ್ಣಗೊಂಡಿರುವುದರಿಂದ ಇಲ್ಲಿ ಕೈಬಿಡಲಾಗಿದೆ.

ಎರಡು ಊರುಗಳ ನಡುವೆ ಸಾವಿರಾರು ಮೈಲಿ ದೂರವಿದೆ, ಇದು ಬರೀ ಬಾದರಾಯಣ ಸಂಬಂಧ ಎಂಬ ಆಕ್ಷೇಪಕ್ಕೂ ಯಾಕೂತನಲ್ಲೇ ಉತ್ತರವಿದೆ. ಅವನ ಕೋಶದ ‘ಮಲೀಬಾರ್’ ನಮೂದಿನಲ್ಲಿ ಫಾಕನೂರ್, ಮಂಜರೂರ್ ಮತ್ತು ದಹ್ಸಲ್ ಎಂಬ ಪಟ್ಟಣಗಳ ಹೆಸರುಗಳಿವೆ. ಕರಿಮೆಣಸು ಇಲ್ಲಿಂದ ಜಗತ್ತಿಗೆಲ್ಲ ಹೋಗುತ್ತದೆ ಎಂದಿದೆ. ಕೊನೆಗೆ ಈ ಪ್ರದೇಶದ ಗಡಿ ಮುಲ್ತಾನಿನ ಸೀಮೆಗೆ ತಾಗುತ್ತದೆ ಎಂದೂ ಇದೆ. ಬಾರ್ಕೂರು, ಮಂಗಳೂರುಗಳ ಬೇಲಿ ಪಂಜಾಬಿನ ಮುಲ್ತಾನಿಗೆ ತಾಗಬಹುದಾದರೆ, ಶಿರ್ವ ಅಜರ್‌ಬೈಜಾನಿನಲ್ಲಿರುವುದು ಅತಿಯೇನಲ್ಲ. ಇಂಥ ಧೈರ್ಯ ಉಡುಪಿಯ ತೀರಕ್ಕೆ ಹೊಸದೂ ಅಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನದ ಅರ್ಥವಾಗದ ಮಾತುಗಳು ಕನ್ನಡವಿರಬೇಕೆಂದು ಜರ್ಮನ್ ವಿದ್ವಾಂಸ ಹುಲ್ಟ್ಷ್ 1904ರಲ್ಲಿ ಬರೆದರು. ಮುಂದೆ ಆ ಪ್ರಹಸನದ ಘಟನೆ ನಡೆದದ್ದೇ ಮಲ್ಪೆಯ ಆಸುಪಾಸಿನಲ್ಲಿ ಎನ್ನುವ ತನಕ ಚರ್ಚೆ ಬೆಳೆಯಿತು.

ಇನ್ನು ಮೌನದ ಸಾಕ್ಷ್ಯ. ಇಬ್ನ್ ಬತೂತ ಶಿರ್ವದ ಹೆಸರೆತ್ತಿಲ್ಲ. ಮುಂದೆ ಪ್ರತಿವಾದಿಗಳು ಹುಟ್ಟಿದರೆ ಇದನ್ನೇ ಹಿಡಿದುಕೊಳ್ಳುತ್ತಾರೆ. ಫಾಕನೂರಿನಿಂದ ಮಂಜರೂರಿಗೆ ಅವನ ಹಡಗು ಮೂರು ದಿನ ತೆಗೆದುಕೊಂಡಿತು; ಇಂದು ಬಸ್ಸಿನಲ್ಲಿ ಎರಡು ಗಂಟೆಯ ಹಾದಿ. ಮೂರು ದಿನ ಕಾಪುವಿನ ಬಂಡೆಯ ಎದುರಿನ ಕಡಲಿನಲ್ಲಿ ತೇಲಿದವನಿಗೆ ದಡದ ಹಿಂದಿನ ಊರು ಕಾಣಲಿಲ್ಲವೇ? ಕಾಪುವಿನ ದೀಪಸ್ತಂಭ ಬಂದದ್ದೇ 1901ರಲ್ಲಿ. ಕತ್ತಲಲ್ಲಿ ದಾಟಿದವನನ್ನು ದೂರುವುದು ನ್ಯಾಯವಲ್ಲ. ಅದಕ್ಕಿಂತ ಗಟ್ಟಿಯಾದ ಕಾರಣ ಅವನೇ ಕೊಟ್ಟಿದ್ದಾನೆ. ಫಾಕನೂರನ್ನು ಹಾದುಹೋಗುವ ಪ್ರತಿ ಹಡಗೂ ಅಲ್ಲಿ ತಂಗಿ ಅರಸನಿಗೆ ಕಾಣಿಕೆ ಕೊಡಬೇಕಿತ್ತು; ಅದಕ್ಕೆ ‘ಹಕ್ಕುಲ್ ಬಂದರ್’, ಬಂದರಿನ ಹಕ್ಕು, ಎಂದು ಹೆಸರು. ತಪ್ಪಿಸಿಕೊಂಡು ಹೋದ ಹಡಗನ್ನು ಬೆನ್ನಟ್ಟಿ, ಹಿಡಿದು ತಂದು, ದುಪ್ಪಟ್ಟು ವಸೂಲಿ ಮಾಡುತ್ತಿದ್ದರು. ಅಂದರೆ ಪ್ರವಾಸಿಯ ಪುಸ್ತಕ ಸೇರಿದ್ದು ಜೇಬಿಗೆ ಕೈಹಾಕಿದ ಊರುಗಳು. ಶಿರ್ವಕ್ಕೆ ಕಡಲೂ ಇಲ್ಲ, ಹಕ್ಕುಲ್ ಬಂದರೂ ಇರಲಿಲ್ಲ. ಪದ್ಧತಿ ಮಾತ್ರ ಸೀಮೆಯಲ್ಲಿ ಅಳಿದಿಲ್ಲ: ಬಾರ್ಕೂರಿನ ಬದಿಯ ಸಾಸ್ತಾನದಲ್ಲೂ ತೆಂಕಣ ಹೆಜಮಾಡಿಯಲ್ಲೂ ರಾಷ್ಟ್ರೀಯ ಹೆದ್ದಾರಿ 66ರ ಟೋಲ್ ಗೇಟುಗಳಿವೆ, 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದಾಗ ಅದಿಲ್ಲದೆ ಬಂದವರಿಗೆ ಬಿದ್ದದ್ದೂ ದುಪ್ಪಟ್ಟೇ. ಕಟಪಾಡಿಯಲ್ಲಿ ಒಳಗೆ ತಿರುಗಿ, ಶಂಕರಪುರ, ಬಂಟಕಲ್ಲು ದಾಟಿ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಟೋಲ್ ಇಲ್ಲ. ಏಳು ಶತಮಾನ ಕಳೆದರೂ ಬತೂತನ ದೃಷ್ಟಿಗೆ ಬೀಳದಿರುವ ಅರ್ಹತೆಯನ್ನು ಊರು ಕಾಪಾಡಿಕೊಂಡಿದೆ.

ಸಾಹಿತ್ಯದ ಸಾಕ್ಷ್ಯ ದುರ್ಬಲ. ಹನ್ನೆರಡನೆಯ ಶತಮಾನದ ಪಾರ್ಸಿ ಮಹಾಕವಿ ಖಾಖಾನಿ ತನ್ನ ಹೆಸರಿನ ಬಾಲಕ್ಕೆ ‘ಶಿರ್ವಾನಿ’ ಎಂದು ಸೇರಿಸಿಕೊಂಡಿದ್ದ. ಊರನ್ನು ಹೆಸರಿಗೆ ಅಂಟಿಸಿಕೊಳ್ಳುವ ಈ ಚಾಳಿ ಕರಾವಳಿಯ ಕವಿಗಳದ್ದೂ ಹೌದು, ಮಂಜೇಶ್ವರ ಗೋವಿಂದ ಪೈಗಳಂತೆ. ಆದರೆ ಇಲ್ಲಿ ಊರು ಹೆಸರಿನ ಮುಂದೆ ಬರುತ್ತದೆ. ಖಾಖಾನಿಯನ್ನು ‘ಶಿರ್ವ ಖಾಖಾನಿ’ ಎಂದು ತಿದ್ದಿ ಬರೆದರೆ ಅಡ್ಡಿ ನಿವಾರಣೆಯಾಗುತ್ತದೆ. ಅವನು ಶಂಕರಪುರದ ಮಲ್ಲಿಗೆಯನ್ನು ಬಲ್ಲವನಾಗಿದ್ದನೇ, ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕ ಅವನಿಗೆ ತಿಳಿದಿತ್ತೇ ಎಂಬುದು ಪಾರ್ಸಿ ವಿದ್ವಾಂಸರಿಗೆ ಬಿಟ್ಟದ್ದು.

ಸಿದ್ಧಾಂತಕ್ಕೆ ಕೆಲವು ಉಪಫಲಗಳಿವೆ. ‘ಪ’ವನ್ನು ‘ಬ’ ಮಾಡಿದರೆ ಕಾಪು ‘ಕಾಬು’. ಶಿರ್ವ ಒಂದು ಅಕ್ಷರ ಬಿಟ್ಟಂತೆ ಕಾಪು ಒಂದು ಅಕ್ಷರ ಗಳಿಸಿದರೆ ಕಾಬೂಲ್ ತಾನಾಗಿ ಬರುತ್ತದೆ, ತಾಲೂಕಿನ ಒಟ್ಟು ಅಕ್ಷರ ಸಂಖ್ಯೆಯಲ್ಲಿ ವ್ಯತ್ಯಾಸವಾಗುವುದಿಲ್ಲ. ಬಸ್ರೂರು ಮತ್ತು ಬಸ್ರಾಗಳ ಸಂಬಂಧ ವಾದಿಸಬೇಕಾಗಿಲ್ಲದಷ್ಟು ಢಾಳಾಗಿದೆ. ಸಂಶೋಧಕರು ಅಂಥ ಸುಲಭದ ಬೇಟೆಗೆ ಇಳಿಯುವುದಿಲ್ಲ. ಉಳಿದಿರುವುದು ಯಾಕೂತನ ಪಟ್ಟಿಯ ಮೂರನೆಯ ಊರು, ದಹ್ಸಲ್. ಅದಕ್ಕೆ ಬಾರ್ಕೂರು, ಮಂಗಳೂರುಗಳಂತೆ ಒಪ್ಪಿತವಾದ ಗುರುತಿಲ್ಲ. ಇಡೀ ರಾಜ್ಯವೊಂದು ದಕ್ಕಿರುವುದರಿಂದ ಶಿರ್ವ ಆ ಹೆಸರಿನ ಮೇಲೆ ಹಕ್ಕು ಸಾಧಿಸುವುದಿಲ್ಲ. ಬೆಳ್ಳೆ, ಬೆಳ್ಮಣ್, ಮುದರಂಗಡಿ, ಕುತ್ಯಾರು, ಯಾವ ಊರಾದರೂ ಹೊಂದುವಷ್ಟು ಅಕ್ಷರಗಳನ್ನು ಕಳೆದು ಕೂಡಿಸಿ ಅದನ್ನು ತೆಗೆದುಕೊಳ್ಳಬಹುದು.