ಎ ಗ್ರೇಡಿನ ಕಾಕಾ

ಮುಂಡಗೋಡ ಕಡೆಯ ಇಂದೂರದ ಓಣಿಯಲ್ಲಿ ಗ್ಯಾಸ್ ಗಾಡಿಯ ಸಪ್ಪಳ ಕೇಳಿದರೆ ಎಲ್ಲರಿಗಿಂತ ಮೊದಲು ಅಂಗಳಕ್ಕೆ ಇಳಿಯುವವರು ಕಾಕಾ. ಹೆಸರು ಬೇಡ. ಇಂಥ ಕಾಕಾ ಮುಂಡಗೋಡದಲ್ಲೂ ಇದ್ದಾರೆ, ಹಳಿಯಾಳದಲ್ಲೂ ಇದ್ದಾರೆ; ನಿಮ್ಮ ಓಣಿಯಲ್ಲಿ ಕಾಣದಿದ್ದರೆ ನಿಮ್ಮ ಮನೆಯಲ್ಲೇ ಇರಬಹುದು, ಒಮ್ಮೆ ನೋಡಿಕೊಳ್ಳಿ.

ಸಿಲಿಂಡರ್ ಕೆಳಗಿಳಿಯುತ್ತಲೇ ಕಾಕಾ ಕನ್ನಡಕ ಏರಿಸಿ, ಹಿಡಿಕೆಯ ಕೆಳಗಿನ ಪಟ್ಟಿಯ ಒಳಮೈ ಮೇಲೆ ಬರೆದ ಅಕ್ಷರ ಓದುತ್ತಾರೆ. "ಏ ತಮ್ಮಾ, ಮತ್ತ ಡಿ ತಂದೀಯಲ್ಲೋ! ಎ ಗ್ರೇಡ್ ಮಾಲೆಲ್ಲಾ ಪ್ಯಾಟಿ ಮಂದಿಗೆ, ಕಳಪೆ ಎಲ್ಲಾ ಹಳ್ಳಿಗೇನು?"

ಅದು ಗ್ಯಾಸಿನ ದರ್ಜೆ ಅಲ್ಲ, ಸಿಲಿಂಡರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕಾದ ಗಡುವು. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಜೂನ್‌ವರೆಗೆ, ಸಿ ಸೆಪ್ಟೆಂಬರ್‌ವರೆಗೆ, ಡಿ ಡಿಸೆಂಬರ್‌ವರೆಗೆ. ಪಕ್ಕದ ಅಂಕಿ ಇಸವಿ. ಗಾಡಿಯ ಹುಡುಗ ಇದನ್ನು ಹೇಳಿ ಹೇಳಿ ಬೇಸತ್ತು, ಒಂದು ದಿನ ಡಿ-27 ಎಂದಿದ್ದದ್ದನ್ನು ಮೇಲೆತ್ತಿ ಎ-27 ಕೆಳಗಿಳಿಸಿದ. ಒಂಬತ್ತು ತಿಂಗಳು ಮೊದಲೇ ಗಡುವು ಮುಗಿಯುವ ಸಿಲಿಂಡರನ್ನು ಜಗಳವಾಡಿ ಗೆದ್ದ ಕಾಕಾ ಅಂದು ಸಂಜೆ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

ತೂಕದ ವಿಷಯದಲ್ಲಿ ಮಾತ್ರ ಅವರನ್ನು ನೋಡಿ ನಗುವಂತಿಲ್ಲ. ಸಿಲಿಂಡರಿನ ಮೇಲೆ ಬರೆದ ಖಾಲಿ ತೂಕಕ್ಕೆ 14.2 ಕಿಲೋ ಕೂಡಿಸಿ, ಭತ್ತ ತೂಗುವ ಕಾಂಟಾದ ಮೇಲೆ ತೂಗಿಯೇ ಒಳಗೆ ಒಯ್ಯುತ್ತಾರೆ. ಗ್ರಾಹಕರ ಹಕ್ಕು ಅದು. ಆದರೆ ಬಾಯೊಳಗಿನ ರಬ್ಬರ್ ಉಂಗುರ ಸರಿ ಇದೆಯೇ, ಸೋರುತ್ತದೆಯೇ ಎಂದು ಹುಡುಗ ನೋಡಲು ಹೋದರೆ, "ಬ್ಯಾಡೋ ಮಾರಾಯಾ, ಸುಮ್ಮನ ಗ್ಯಾಸ್ ಹೊಕ್ಕೈತಿ" ಎಂದು ಅಡ್ಡ ನಿಲ್ಲುತ್ತಾರೆ.

ಅವರ ಇಡೀ ಗ್ಯಾಸ್ ಶಾಸ್ತ್ರದ ಬುಡ ಇದೇ: ಗ್ಯಾಸ್ ಹೋಗಬಾರದು. ಸ್ನಾನದ ನೀರಿಗೆ ಹಿತ್ತಲಿನ ಕಟ್ಟಿಗೆ ಒಲೆ, ಅನ್ನಕ್ಕೂ ಅದೇ. ಬೀಗರು ಬಂದಾಗ ಮಾತ್ರ ಚಹಾಕ್ಕೆ ಗ್ಯಾಸ್. ಉರಿ ಸಣ್ಣಗಾಗುತ್ತ ಬಂದರೆ ಸಿಲಿಂಡರನ್ನು ಅಲ್ಲಾಡಿಸುತ್ತಾರೆ, ಅಡ್ಡ ಮಲಗಿಸುತ್ತಾರೆ. ಅಡ್ಡ ಮಲಗಿಸಿದರೆ ಒಳಗಿನ ದ್ರವವೇ ರೆಗ್ಯುಲೇಟರಿನತ್ತ ನುಗ್ಗಿ ಉರಿ ಧಗ್ಗೆಂದು ಎದ್ದೀತು ಎಂದು ಅವರ ಹೆಂಡತಿ ಕಾಕು ಹೇಳಿದ್ದಕ್ಕೆ, "ಹಂಗಾರ ಒಳಗ ಇನ್ನೂ ಐತಿ ಅಂದಂಗಾತು" ಎಂದು ಖುಷಿಪಟ್ಟವರು ಅವರು. ಕಾಕು ಕೂಡಲೇ ನೆಟ್ಟಗೆ ನಿಲ್ಲಿಸಿದರು. ಒದ್ದೆ ಬಟ್ಟೆಯಿಂದ ಸಿಲಿಂಡರ್ ಒರೆಸಿ, ಎಲ್ಲಿಯವರೆಗೆ ತಡವಾಗಿ ಆರುತ್ತದೋ ಅಲ್ಲಿಯವರೆಗೆ ಗ್ಯಾಸ್ ಇದೆ ಎಂದು ತೋರಿಸಿದರು. ಎಲ್‌ಪಿಜಿ ಪಂಚಾಯತ್ ಎಂದು ಏಜೆನ್ಸಿಯವರು ಹಳ್ಳಿಯ ಹೆಂಗಸರನ್ನು ಕೂಡಿಸಿ ತಿಳಿವಳಿಕೆ ಕೊಡುವ ಸಭೆಯಲ್ಲಿ ಅವರು ಮುಂದಿನ ಸಾಲಿನಲ್ಲಿ ಕೂತು ಕೇಳಿದವರು. ಕಾಕಾನೂ ಹೋಗಿದ್ದರು, ಹಿಂದೆ ಕೂತು ಗೋವಿನಜೋಳದ ದರ ಮಾತಾಡಿ, ಚಹಾ ಕುಡಿದು ಬಂದರು.

ಆ ಸಭೆಯಿಂದ ಬಂದು ಕಾಕು ಅಡುಗೆಮನೆ ಗೋಡೆಯ ಮೇಲೆ ದೊಡ್ಡದಾಗಿ 1906 ಎಂದು ಬರೆದರು. ಗ್ಯಾಸ್ ಸೋರಿದರೆ ಕರೆಯುವ ನಂಬರು. ಬಂದವರು, "ಇದೇನ್ರೀ ಕಾಕಾ?" ಎಂದರೆ ಕಾಕಾ ಗಂಭೀರವಾಗಿ, "ನಮ್ಮ ಅಜ್ಜ ಹುಟ್ಟಿದ ವರ್ಷ" ಅನ್ನುತ್ತಾರೆ.

ಖಂಡೇನವಮಿ ದಿನ ಸಿಲಿಂಡರಿಗೂ ಪೂಜೆ. ವಿಭೂತಿ ಬಳಿದು, ಕುಂಕುಮ ಹಚ್ಚಿ, ರೆಗ್ಯುಲೇಟರಿಗೆ ಚೆಂಡುಹೂವಿನ ಮಾಲೆ ಇಳಿಬಿಟ್ಟು, ಬಾಳೆಹಣ್ಣಿಗೆ ಎರಡು ಊದಿನಕಡ್ಡಿ ಚುಚ್ಚಿ, ಹಚ್ಚಿ, ಎದುರಿಗೇ ಇಟ್ಟರು. ಆರತಿ ತಟ್ಟೆ ಎತ್ತುವಷ್ಟರಲ್ಲಿ ಕಾಕು ಬಂದು ಬಾಳೆಹಣ್ಣು ಸಮೇತ ಎತ್ತಿಕೊಂಡು ತುಳಸಿ ಕಟ್ಟೆಗೆ ಒಯ್ದರು. "ದೇವ್ರು ಅಲ್ಲಿಂದನೂ ನೋಡ್ತಾನ ಬರ್ರೀ."

ಒಂದು ಮಳೆಗಾಲದ ಸಂಜೆ ಅಡುಗೆಮನೆಯಲ್ಲಿ ವಾಸನೆ ಬಂತು. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲೆಂದೇ ಕೊಳೆತ ನಾತದ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಕಾಕಾ ಕಡ್ಡಿಪೆಟ್ಟಿಗೆ ಹುಡುಕಿದರು. "ಎಲ್ಲಿ ಸೋರಾಕತ್ತೈತಿ, ಕಡ್ಡಿ ಕೊರದು ನೋಡೇಬಿಡೂಣು." ಕಾಕು ಪೆಟ್ಟಿಗೆ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಾಕಾ ಲೈಟಿನ ಸ್ವಿಚ್ಚಿಗೆ ಕೈ ಹಾಕಿದರು. "ಅದನ್ನೂ ಮುಟ್ಟಬ್ಯಾಡ್ರೀ, ಕಿಡಿ ಹಾರತೈತಿ!" ರೆಗ್ಯುಲೇಟರ್ ಬಂದ್ ಮಾಡಿ, ಬಿಚ್ಚಿ, ಮುಚ್ಚಳ ಹಾಕಿ, ಮುಂದಿನ ಹಿಂದಿನ ಬಾಗಿಲು ಹಾರು ಹೊಡೆದು, ಗಂಡನ ರಟ್ಟೆ ಹಿಡಿದು ಅಂಗಳಕ್ಕೆ ತಂದರು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ಕೂರುತ್ತದೆ, ಬಾಗಿಲಿನಿಂದಲೇ ಹೊರಗೆ ಹೋಗಬೇಕು ಎಂದು ಮಳೆಯಲ್ಲಿ ನಿಂತೇ ವಿವರಿಸಿದರು.

ಮರುದಿನ ಬಂದ ಮೆಕ್ಯಾನಿಕ್ ಸೋಪಿನ ನೊರೆ ಹಚ್ಚಿದ. ಒಲೆಗೆ ಪೈಪು ಸೇರುವಲ್ಲಿ ಒಂದು ಗುಳ್ಳೆ ಸಾಸಿವೆಯಷ್ಟು ಎದ್ದು, ಕಡಲೆಯಷ್ಟಾಗಿ, ಒಡೆದು, ಮತ್ತೆ ಎದ್ದಿತು. ಕಿತ್ತಳೆ ಬಣ್ಣದ ಪೈಪಿನ ಮೇಲಿನ ತಾರೀಖು ನೋಡಿದರೆ ಐದು ವರ್ಷದ ಅವಧಿ ಎಂದೋ ಮುಗಿದಿತ್ತು. ಗ್ರಾಂ ಗ್ರಾಂ ಲೆಕ್ಕ ಇಟ್ಟ ಗ್ಯಾಸ್ ಎಷ್ಟು ದಿನದಿಂದ ಅಲ್ಲಿಂದ ಹೋಗುತ್ತಿತ್ತೋ! ಕಾಕಾ ಮಾತ್ರ, "ರಬ್ಬರೇನು ಹಾಲೇನೋ, ಕೆಡಾಕ?" ಎಂದು ಚೌಕಾಶಿಗೆ ಕೂತರು.

ನೆಲದ ಪಾಠ ಮಾತ್ರ ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಆಮೇಲೆ ಹುಬ್ಬಳ್ಳಿಯಲ್ಲಿ ಮಗನ ಮನೆಗೆ ಹೋದವರು ಅಡುಗೆಮನೆಯ ನೆಲಕ್ಕೆ ಮೂಗು ಹಚ್ಚಿ ವಾಸನೆ ನೋಡುತ್ತಿದ್ದರು. "ಮಾವಾರ, ಇಲ್ಲಿ ಸಿಲಿಂಡರ್ ಇಲ್ರೀ, ಪೈಪಿನ್ಯಾಗ ಬರತೈತಿ. ಇದು ಹಗುರ ಗ್ಯಾಸ್, ಮ್ಯಾಲ ಹೋಗತೈತಿ" ಎಂದು ಸೊಸೆ ಹೇಳಿದಳು. ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ, ಬಹುಪಾಲು ಮಿಥೇನ್. ಸೋರಿದರೆ ಸೂರು ಹಿಡಿಯುತ್ತದೆ, ಅದಕ್ಕೇ ಗೋಡೆಯ ಮೇಲ್ಭಾಗದ ಗಾಳಿಕಿಂಡಿ ಮುಚ್ಚಬಾರದು. ಮರುದಿನ ಬೆಳಿಗ್ಗೆ ಕಾಕಾ ಸ್ಟೂಲ್ ಹತ್ತಿ ಸೂರು ಮೂಸುತ್ತಿದ್ದರು. ಅಲ್ಲಾಡಿಸಲು ಏನೂ ಇಲ್ಲ, ತೂಗಲು ಏನೂ ಇಲ್ಲ, ಬರೀ ತಿರುಗುವ ಮೀಟರು. ಅದನ್ನು ನೋಡಲಾರದೆ ಮಧ್ಯಾಹ್ನದ ಮುಂಡಗೋಡ ಬಸ್ಸು ಹಿಡಿದರು.

ಹಳೆಯ ಪೈಪನ್ನು ಅವರು ಎಸೆದಿಲ್ಲ. ಒಳಗೆ ತಂತಿಯ ಹೆಣಿಗೆ ಇದೆ, ಗಟ್ಟಿ ಎಂದು ಕೊಯ್ದು, ಆಕಳ ಹಗ್ಗ ಗೂಟಕ್ಕೆ ತಿಕ್ಕುವ ಜಾಗಕ್ಕೆ ತೊಡಿಸಿದ್ದಾರೆ. ಅದರ ಮೇಲೆ ಸುಣ್ಣದಲ್ಲಿ ಯಾವುದೋ ತಾರೀಖು ಬರೆದಿತ್ತು. ಯಾರು ಬರೆದದ್ದು ಎಂದು ಕೇಳಿದೆ.

"ನಾನ ಬರದೀನಿ," ಎಂದರು ಕಾಕು. "ಐದು ವರ್ಷಕ್ಕ ಇದನ್ನೂ ಬದಲ್ ಮಾಡಸ್ಬೇಕಲ್ಲ."