ಎರಡನೇ ಕ್ಲಾಸಿನ ರಾಯರು

2020ರ ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿತ್ತಲ್ಲ, ಅದಾದ ಮೇಲೆ ಮನೆಮನೆಯಲ್ಲೂ ಒಬ್ಬೊಬ್ಬ ವಯಸ್ಸಾದ ವಿದ್ಯಾರ್ಥಿ ಹುಟ್ಟಿಕೊಂಡ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ, ಕ್ಯಾಮೆರಾದಲ್ಲಿ ಮುಖವಿಲ್ಲ. ಪರದೆಯ ಅಂಚಿನಲ್ಲಿ ಒಂದು ಮೊಣಕೈ, ಒಂದು ಕಾಫಿ ಲೋಟ, ಆಗಾಗ ಒಂದು ಕೆಮ್ಮು, ಅಷ್ಟೇ. ಅಪ್ಪ ಅಮ್ಮ ಲ್ಯಾಪ್‌ಟಾಪ್ ಹಿಡಿದು ಒಂದೊಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ, ಚಿಕ್ಕ ಮಕ್ಕಳನ್ನು ಆನ್‌ಲೈನ್ ಕ್ಲಾಸಿಗೆ ಕೂರಿಸುವ ಭಾರ ಬಿದ್ದದ್ದು ತಾತಂದಿರ ಮೇಲೆ. ನಮ್ಮ ಎದುರುಮನೆ ರಾಯರು ಈ ಕುಲಕ್ಕೇ ತಿಲಕ. ಖಜಾನೆ ಇಲಾಖೆಯಲ್ಲಿ ಸರ್ವೀಸು ಮುಗಿಸಿದವರು, ಆಕ್ಷೇಪಣೆ ಬರೆಯದೆ ಒಂದು ಬಿಲ್ಲನ್ನೂ ಪಾಸು ಮಾಡಿದವರಲ್ಲ. ಅಂಥವರು ಮೊಮ್ಮಗ ಪುಟ್ಟನ ಜೊತೆ ಎರಡನೇ ಕ್ಲಾಸಿಗೆ ಸೇರಿದರು. ಅವರ ಪಿಸುಮಾತು ರಸ್ತೆ ದಾಟಿ ನಮ್ಮನೆ ಹಾಲಿಗೆ ಬರುತ್ತಿದ್ದರಿಂದ ನಾನೂ ಹೆಚ್ಚುಕಡಿಮೆ ಅದೇ ಕ್ಲಾಸಿನವನು.

ಸೇರಿದ್ದೂ ಸುಮ್ಮನೆ ಅಲ್ಲ. ಜೂನ್‌ನಲ್ಲಿ ಸರ್ಕಾರ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ಕೂಡದು ಅಂದಾಗ ರಾಯರು ತಕ್ಷಣ ಮೊಬೈಲ್ ಆಫ್ ಮಾಡಿ ಬೀರುವಿನಲ್ಲಿಟ್ಟರು. ‘ಮಾವ, ಸ್ಕೂಲಿನವರು ವೀಡಿಯೊ ಕಳಿಸಿರ್ತಾರೆ’ ಎಂದು ಸೊಸೆ ಗೋಗರೆದರೆ, ‘ಆದೇಶ ಅಂದ್ರೆ ಆದೇಶ ಕಣಮ್ಮ’ ಅಂದರು. ಜುಲೈ 8ಕ್ಕೆ ಹೈಕೋರ್ಟ್ ತಡೆ ಕೊಟ್ಟ ಸುದ್ದಿಯನ್ನು ಪೇಪರಿನಲ್ಲಿ ಎರಡು ಸಲ ಓದಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದ ಮೇಲೇ ಮೊಬೈಲು ಬೀರುವಿನಿಂದ ಹೊರಗೆ ಬಂತು. ಅದೇ ತಿಂಗಳು ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿ ಬಂದು, ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ ಸಾಕು ಅಂದದ್ದನ್ನೂ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದರು. ಮಿಸ್ ಎರಡು ನಿಮಿಷ ಹೆಚ್ಚು ತೆಗೆದುಕೊಂಡರೆ ಅತ್ತ ಬೆರಳು ತೋರಿಸುತ್ತಿದ್ದರು. ಪುಣ್ಯಕ್ಕೆ ಆ ಬೆರಳು ಕ್ಯಾಮೆರಾಗೆ ಕಾಣುತ್ತಿರಲಿಲ್ಲ.

ಹತ್ತು ಗಂಟೆ ಕ್ಲಾಸಿಗೆ ಒಂಬತ್ತೂವರೆಗೇ ತಯಾರಿ. ರವೆ ಡಬ್ಬಿಗೆ ಮೊಬೈಲ್ ಒರಗಿಸಿ, ಜಾರದಂತೆ ಮುಂದೆ ಒಂದು ಕೇರಂ ಪಾನ್ ಇಡುವುದು. ಪುಟ್ಟನಿಗೆ ಮೇಲೆ ಯೂನಿಫಾರಂ ಷರ್ಟು, ಕೆಳಗೆ ಮನೆ ಚಡ್ಡಿ. ಒಂದು ದಿನ ಹಾಜರಿ ಕೂಗುವಾಗ ಪುಟ್ಟನ ಬಾಯಲ್ಲಿ ದೋಸೆ. ಹಾಜರಿ ತಪ್ಪಿಹೋದೀತೆಂದು ರಾಯರೇ ‘ಪ್ರೆಸೆಂಟ್ ಮಿಸ್’ ಅಂದುಬಿಟ್ಟರು. ಆ ಗಡಸು ದನಿಗೆ ಮಿಸ್ ಗಾಬರಿಯಾಗಿ, ‘ಯಾಕೆ ಪುಟ್ಟಾ ಗಂಟಲು ಹಿಂಗಾಗಿದೆ? ಜ್ವರ ಇದೆಯಾ? ಟೆಸ್ಟ್ ಮಾಡಿಸಿದ್ರಾ?’ ಎಂದರು. ಮಧ್ಯಾಹ್ನದೊಳಗೆ ಪೋಷಕರ ಗ್ರೂಪಿನಲ್ಲಿ ಪುಟ್ಟನಿಗೆ ಮೂರು ಬಗೆಯ ಕಷಾಯ ಬಂದಿದ್ದವು.

ಪರಿಸರ ಅಧ್ಯಯನದ ದಿನ ಇನ್ನೂ ಘೋರ. ‘ನಿಮ್ಮನೇಲಿ ಅಡುಗೆ ಯಾರು ಮಾಡ್ತಾರೆ?’ ಎಂದು ಮಿಸ್ ಕೇಳಿದರು. ಪುಟ್ಟ ಯೋಚಿಸತೊಡಗಿದ. ರಾಯರಿಗೆ ತಡೆಯಲಿಲ್ಲ. ‘ಎಲ್ರೂ ಸೇರಿ ಮಾಡ್ತೀವಿ ಅಂತ ಹೇಳೋ’ ಎಂದು ಪಿಸುಗುಟ್ಟಿದರು. ಪುಟ್ಟ ಎದ್ದು ನಿಂತು ಗಟ್ಟಿಯಾಗಿ ಒಪ್ಪಿಸಿದ: ‘ಎಲ್ರೂ ಸೇರಿ ಮಾಡ್ತೀವಿ ಅಂತ ಹೇಳೋ, ಮಿಸ್!’ ಒಳಗಿನ ಅಡುಗೆಮನೆಯಿಂದ ಒಂದು ಸೌಟು ಬಿದ್ದ ಸದ್ದು ಕೇಳಿತು. ಬಿದ್ದದ್ದೋ, ಎಸೆದದ್ದೋ, ಅಜ್ಜಿಗೇ ಗೊತ್ತು.

ಇದನ್ನು ಮೋಸ ಅನ್ನಲು ನನಗೆ ಮನಸ್ಸಿಲ್ಲ. ಶಾಲೆಯಲ್ಲಿ ಹುಡುಗ ಉತ್ತರ ಹೇಳದೆ ನಿಂತರೆ ಅದು ಬೆಂಚಿನವರಿಗಷ್ಟೇ ಗೊತ್ತಾಗುವ ಸಂಗತಿ, ಸಂಜೆಗೆ ಮರೆತೂ ಹೋಗುತ್ತದೆ. ಇಲ್ಲಿ ಹಾಗಲ್ಲ. ಮೂವತ್ತು ಚೌಕಗಳಲ್ಲಿ ಮೂವತ್ತು ಮನೆ, ಒಂದೊಂದು ಮನೆಯಲ್ಲೂ ಗೋಡೆಯ ಆಚೆ ಕಿವಿಗೊಟ್ಟ ಒಬ್ಬ ಅಜ್ಜಿ. ಪ್ರಶ್ನೆ ಪುಟ್ಟನಿಗೆ ಬಂದರೂ ಅದು ವಂಶಕ್ಕೆ ಬಂದ ಪ್ರಶ್ನೆ. ಮಗು ಯೋಚಿಸುವ ಆ ಅರ್ಧ ನಿಮಿಷವನ್ನು ಸಹಿಸುವ ಗುಂಡಿಗೆ ದೊಡ್ಡವರಿಗೆ ಇರಲಿಲ್ಲ. ಕಲಿಕೆ ನಡೆಯಬೇಕಾದದ್ದು ಆ ಅರ್ಧ ನಿಮಿಷದಲ್ಲೇ ಎಂಬುದು ಬೇರೆ ಮಾತು.

ನಿಜವಾದ ಯುದ್ಧ ನಡೆದದ್ದು ಕಳೆಯುವ ಲೆಕ್ಕದಲ್ಲಿ. 42ರಲ್ಲಿ 17 ಕಳೆಯಬೇಕು. ಮಿಸ್ ಐಸ್‌ಕ್ರೀಂ ಕಡ್ಡಿಗಳನ್ನು ಹತ್ತು ಹತ್ತರಂತೆ ಕಟ್ಟಿ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಹಿಡಿದು ತೋರಿಸಿದರು. ‘ಎರಡರಿಂದ ಏಳು ತೆಗೆಯೋಕಾಗಲ್ಲ. ಅದಕ್ಕೆ ಒಂದು ಕಟ್ಟು ಬಿಚ್ಚೋಣ. ಈಗ ಬಿಡಿ ಎಷ್ಟಾಯ್ತು? ಹನ್ನೆರಡು!’

‘ಅದೇನು ಕಟ್ಟೋದು ಬಿಚ್ಚೋದು’ ಎಂದು ರಾಯರು ಸ್ಲೇಟು ಎಳೆದುಕೊಂಡರು. ‘ನಾಲ್ಕರ ಹತ್ರ ಒಂದು ಸಾಲ ತಗೋ. ನಾಲ್ಕನ್ನ ಹೊಡೆದು ಮೂರು ಬರಿ. ಮುಗೀತು.’

‘ವಾಪಸ್ ಯಾವಾಗ ಕೊಡೋದು ತಾತ?’

‘ವಾಪಸ್ ಕೊಡೋದಿಲ್ಲ.’

‘ಕೊಡದೇ ಇದ್ರೆ ಅದು ಸಾಲ ಹೆಂಗಾಗತ್ತೆ?’

ಇಷ್ಟು ಹೊತ್ತೂ ಮೈಕ್ ಆನ್ ಇತ್ತು. ಸರ್ವೀಸಿನುದ್ದಕ್ಕೂ ಇಂಥ ಆಡಿಟ್ ಅಬ್ಜೆಕ್ಷನ್ ಅವರಿಗೆ ಬಂದಿರಲಿಲ್ಲ. ಉತ್ತರ ಹುಡುಕುವಷ್ಟರಲ್ಲಿ ಪುಕ್ಕಟೆ ಜೂಮ್‌ನ ನಲವತ್ತು ನಿಮಿಷ ಮುಗಿದು ಮಿಸ್ಸು, ಮಕ್ಕಳು, ಕಡ್ಡಿಗಳು ಎಲ್ಲ ಒಟ್ಟಿಗೆ ಮಾಯವಾದರು. ಸಂಜೆ ನೋಡಿದರೆ ರಾಯರು ಜಗುಲಿಯಲ್ಲಿ ಒಬ್ಬರೇ ಕೂತು ಊದುಬತ್ತಿಗಳನ್ನು ಹತ್ತು ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ನಾನು ಏನೂ ಕೇಳಲಿಲ್ಲ. ಅವರೇ, ‘ಹುಡುಗಿ ಹೇಳೋದ್ರಲ್ಲೂ ಒಂದು ಕ್ರಮ ಇದೆ ಕಣ್ರೀ’ ಅಂದರು. ಆದರೆ ಸೋತೆ ಅಂದರೆಂದು ಯಾರೂ ತಿಳಿಯಬಾರದು. ಅಂದೇ ರಾತ್ರಿ ಗ್ರೂಪಿಗೆ ಅವರ ಸಂದೇಶ ಹೋಯಿತು. ‘ಮಾನ್ಯರೇ, ವಿಷಯ: ಎರಡಂಕಿ ಸಂಖ್ಯೆಗಳ ವ್ಯವಕಲನದ ವಿಧಾನದ ಬಗ್ಗೆ. ಉಲ್ಲೇಖ: ಈ ದಿನ ಬೆಳಿಗ್ಗೆ ನಡೆದ ತಮ್ಮ ತರಗತಿ.’ ಮಿಸ್ ಒಂದು ಹೆಬ್ಬೆರಳು ಕಳಿಸಿದರು. ಅದನ್ನು ಸ್ವೀಕೃತಿ ಎಂದು ತಿಳಿಯಬೇಕೋ ಮಂಜೂರಾತಿ ಎಂದೋ, ರಾಯರು ವಾರವಿಡೀ ಚಿಂತಿಸಿದರು.

ಹೀಗೆ ಸಾಲದ ಜಗಳಕ್ಕೂ ಒಂದು ಮೊಬೈಲು, ಡೇಟಾ, ಬಿಡುವಿರುವ ತಾತ ಬೇಕು. ಅಪ್ಪನ ಜೊತೆ ಬೆಳಿಗ್ಗೆಯೇ ಕೆಲಸಕ್ಕೆ ಹೊರಟುಹೋಗುವ ಒಂದೇ ಫೋನಿನ ಮನೆಗಳೇನೂ ಕಡಿಮೆಯಿರಲಿಲ್ಲ. ಅಂಥ ಮಕ್ಕಳಿಗಾಗಿ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಗಿ, ಮೇಷ್ಟ್ರುಗಳು ಮರದ ಕೆಳಗೆ, ಗುಡಿಯ ಅಂಗಳದಲ್ಲಿ ಪಾಠ ಹೇಳಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಮರುವರ್ಷ ಮಳೆಗಾಲದಲ್ಲಿ, ನೆಟ್‌ವರ್ಕ್ ಹುಡುಕಿಕೊಂಡು ರಸ್ತೆಬದಿಗೆ ಬಂದು ಪಾಠ ಕೇಳುತ್ತಿದ್ದ ಮಗಳಿಗೆ ಕೊಡೆ ಹಿಡಿದು ನಿಂತ ಸುಳ್ಯ ಕಡೆಯ ಅಪ್ಪನೊಬ್ಬರ ಫೋಟೊ ಎಲ್ಲೆಡೆ ಬಂತು. ರಾಯರು ಅದನ್ನು ತೋರಿಸಿ ಕಣ್ಣೊರೆಸಿಕೊಂಡರು. ಸೊಸೆಯೂ ನೋಡಿದರು. ‘ನೋಡಿ ಮಾವ, ಪಕ್ಕದಲ್ಲೇ ನಿಂತಿದ್ದಾರೆ. ಒಂದು ಮಾತಾದ್ರೂ ಹೇಳಿಕೊಡ್ತಿದ್ದಾರಾ?’

2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿಗಳು ತೆರೆದವು. ಅಷ್ಟರಲ್ಲಿ ಪುಟ್ಟ ಮೂರನೇ ಕ್ಲಾಸು, ರಾಯರೂ ಪಾಸಾಗಿದ್ದರು. ಮಾಸ್ಕು ಹಾಕಿಕೊಂಡು ಗೇಟಿನ ಹತ್ತಿರ ಬಿಟ್ಟು ಬಂದವರು ಮನೆಯಲ್ಲಿ ನಿಲ್ಲಲಾರದೆ, ಬಿಡುವ ಹೊತ್ತಿಗೆ ಮುಂಚೆಯೇ ಮತ್ತೆ ಗೇಟಿನಲ್ಲಿ ಹಾಜರು. ಹಳೆಯ ಮಿಸ್ಸೇ ಹೊರಗೆ ಬಂದು ದನಿಯಿಂದಲೇ ಗುರುತು ಹಿಡಿದರು.

‘ಇವತ್ತೊಂದು ತಮಾಷೆ ಆಯ್ತು ಸರ್. ಒಂದು ಲೆಕ್ಕ ಕೇಳಿದೆ. ಇಡೀ ಕ್ಲಾಸು ಪಕ್ಕಕ್ಕೆ ತಿರುಗಿ ನೋಡ್ತು. ಕೆಲವರು ಎಡಕ್ಕೆ, ಕೆಲವರು ಬಲಕ್ಕೆ. ಒಬ್ಬಳು ಮೇಜಿನ ಕೆಳಗೇ ಬಗ್ಗಿ ನೋಡಿದ್ಲು. ಆಮೇಲೆ ಪುಟ್ಟ ಎದ್ದು ಇಪ್ಪತ್ತೈದು ಅಂದ.’

‘42ರಲ್ಲಿ 17ಆ?’

‘ಹೌದು ಸರ್.’

ರಾಯರು ಒಂದು ಹೆಜ್ಜೆ ಮುಂದೆ ಬಂದು ದನಿ ತಗ್ಗಿಸಿದರು. ‘ಸಾಲ ತಗೊಂಡನೋ, ಕಟ್ಟು ಬಿಚ್ಚಿದನೋ?’